ಗ್ಯಾರೇಜಿನ ಪಂಚಾಂಗ

ದಾವಣಗೆರೆಯಲ್ಲಿ ನಮ್ಮ ಕಾರನ್ನು ರಿಪೇರಿ ಮಾಡುತ್ತಿದ್ದ ಇಮಾಮ್ ಸಾಬರ ಗ್ಯಾರೇಜಿನ ಗೋಡೆಗೆ, ಹಳೆಯ ಟಯರುಗಳ ನಡುವೆ, ಒಂದು ಪಂಚಾಂಗ ನೇತಾಡುತ್ತಿತ್ತು. ಅದರ ಪುಟಗಳಲ್ಲಿ ತಿಥಿ ಯಾವುದು, ಗ್ರೀಸು ಯಾವುದು ತಿಳಿಯುತ್ತಿರಲಿಲ್ಲ. ಐದು ಹೊತ್ತು ನಮಾಜು ಮಾಡುವವರಿಗೆ ಪಂಚಾಂಗವೇಕೆಂದು ನಾನೂ ಕೇಳಲಿಲ್ಲ. ಕೇಳಿದ್ದರೆ, ಓದುಗ ಮಹಾಶಯರೇ, ನನ್ನ ಜಂಬ ಅಂದೇ ಇಳಿಯುತ್ತಿತ್ತು.

ಕಾರು ಅಪ್ಪನದು, ಯುದ್ಧಕ್ಕೂ ಮುಂಚಿನ ಇಂಗ್ಲೆಂಡಿನ ಗಾಡಿ. ಹತ್ತಿ ವ್ಯಾಪಾರ ಕೈಹಿಡಿದಾಗ ಅವರು ಕೊಂಡದ್ದು, ಅವರ ಬಳಿಕ ನನ್ನಂಥ ಹೈಸ್ಕೂಲು ಮಾಸ್ತರನ ಕೊರಳಿಗೆ ಬಿತ್ತು. ಮಾರುವಂತಿರಲಿಲ್ಲ. ಹುಣ್ಣಿಮೆಗೊಮ್ಮೆ ಅವ್ವ ಅದರಲ್ಲೇ ಹರಿಹರಕ್ಕೆ ಹೋಗಿ ದೇವರ ದರ್ಶನ ಮಾಡಬೇಕು, ಇಲ್ಲವಾದರೆ ಅಂದು ಅವಳಿಗೆ ಊಟವಿಲ್ಲ.

ಹೀಗಿರುವಾಗ ಕಾರ್ಬುರೇಟರು ಕೈಕೊಟ್ಟಿತು. ಆಮದಿಗೆ ಕಡಿವಾಣ ಬಿದ್ದಿದ್ದ ಕಾಲ. ಮುಂಬಯಿಯ ವ್ಯಾಪಾರಿ ಮೊದಲ ಪತ್ರದಲ್ಲಿ ಬರೆದ ಬೆಲೆ ಎರಡನೆಯದರ ಹೊತ್ತಿಗೆ ದುಪ್ಪಟ್ಟಾಗಿತ್ತು. ಮೂರನೆಯದನ್ನು ಒಡೆಯಲು ನನಗೆ ಧೈರ್ಯ ಬರಲಿಲ್ಲ. "ಹರಿಹರದಾಗ ಒಂದು ಐತ್ರಿ, ಚಿಂತಿ ಬ್ಯಾಡ" ಎಂದ ಇಮಾಮ್ ಸಾಬರು ಬರೀ ಕೂಲಿಗೆ ಅದನ್ನು ತಂದು ಜೋಡಿಸಿಕೊಟ್ಟರು. ಇದೆಲ್ಲ ನನ್ನ ಚೌಕಾಸಿಯ ಪ್ರತಾಪವೆಂದು ಶಾಲೆಯಲ್ಲಿ ವಾರಗಟ್ಟಲೆ ಕೊಚ್ಚಿಕೊಂಡೆ. ಹುಣ್ಣಿಮೆ ಮುಗಿದೊಡನೆ "ಗಾಡಿ ನನ್ನ ಹತ್ರನ ಇರ್ಲಿ ಬಿಡ್ರಿ" ಎಂದು ಅವರು ಇಟ್ಟುಕೊಳ್ಳುವುದೂ ವಾಡಿಕೆಯಾಯಿತು.

ಒಂದು ಏಕಾದಶಿಯಂದು, ಊರಿಗೆ ಬಂದ ನೆಂಟನಿಗೆ ಕಾರು ತೋರಿಸುವ ಚಪಲಕ್ಕೆ ಗ್ಯಾರೇಜಿಗೆ ಹೋಗಿ ಬಾನೆಟ್ ಎತ್ತಿದರೆ ಕಾರ್ಬುರೇಟರಿನ ಜಾಗ ಖಾಲಿ. ಇಮಾಮ್ ಸಾಬರು ಪಂಚಾಂಗದತ್ತ ಕೈ ತೋರಿದರು.

"ಹರಿಹರದ ರಾಯರದೂ ಇಂಥದೇ ಗಾಡಿರಿ. ಅವರ ಮನೆಯೋರು ಏಕಾದಶಿಗೆ ಇಲ್ಲಿ ಮಠಕ್ಕೆ ಬರ್ತಾರ. ನಿಮ್ಮ ಅವ್ವಾರಿಗೆ ಹುಣ್ಣಿಮಿ. ಎರಡೂ ಒಂದ ದಿನ ಬರಂಗಿಲ್ಲಲ್ರಿ."

"ಹಂಗಾದ್ರೆ ಅದು ಯಾರದು?"

"ಇಬ್ಬರದೂ ಕೆಟ್ಟಿದ್ವು. ಎರಡೂ ಕೂಡಿಸಿ ಒಂದು ಮಾಡೀನಿ. ಯಾವ ಸ್ಕ್ರೂ ಯಾರದು, ನನಗೂ ನೆನಪಿಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ರಾಯರ ಕಾರೇ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಉಪವಾಸದಿಂದ ಬಾಡಿದ ಅವರ ವಯಸ್ಸಾದ ಹೆಂಡತಿ ಕಣ್ಣುಮುಚ್ಚಿ ಕೂತಿದ್ದರು, ಮಡಿಲಲ್ಲಿ ತುಳಸಿ. ರಾಯರು ಇಳಿದು ನನ್ನ ಕಾರಿನ ಖಾಲಿ ಜಾಗವನ್ನು ನೋಡಿ, "ಮುಂಬಯಿಯೋರ ರೇಟು ಕೇಳೀರೇನ್ರಿ? ನಾನು ಚೌಕಾಸಿ ಮಾಡಿ ಬರೀ ಕೂಲಿಗೆ ಹಾಕಿಸಿದೆ" ಎಂದರು. ನನ್ನದೇ ಮಾತು, ನನ್ನದೇ ಗತ್ತು. ನಾನು ಬಾಯಿ ತೆರೆದರೆ ಇಬ್ಬರು ಮುದುಕಿಯರಲ್ಲಿ ಒಬ್ಬರ ಪ್ರಯಾಣ ನಿಲ್ಲುತ್ತಿತ್ತು. ಯಾರದು ಎಂಬುದಷ್ಟೇ ತಿಳಿಯದು. "ಚಲೋ ಮಾಡಿದ್ರಿ" ಎಂದು ಮನೆಗೆ ಬಂದೆ.

ಮುಂದಿನ ಹುಣ್ಣಿಮೆಗೆ ಹರಿಹರದ ಗುಡಿಯಲ್ಲಿ, ಅರ್ಧ ಹರಿ ಅರ್ಧ ಹರನಾಗಿ ನಿಂತ ಮೂರ್ತಿಯಲ್ಲಿ ಒಬ್ಬ ಮುಗಿದು ಇನ್ನೊಬ್ಬ ಶುರುವಾಗುವುದೆಲ್ಲಿ ಎಂದು ಹುಡುಕುತ್ತ ನಿಂತೆ. ಅವ್ವ ತಿವಿದಳು: "ಏನ್ ನೋಡ್ತಿ, ಕೈ ಮುಗಿ."

ಯುಗಾದಿಗೆ ಇಮಾಮ್ ಸಾಬರಿಗೆಂದು ಹೊಸ ಪಂಚಾಂಗ ಒಯ್ದೆ. ಗೋಡೆಯ ಮೇಲೆ ಆಗಲೇ ಹೊಸದೊಂದು ತೂಗುತ್ತಿತ್ತು.

"ರಾಯರು ಕೊಟ್ಟಿದ್ರಿ. ಎರಡೂ ಮನಿ ದಿನ ನೋಡ್ಕೋ ಅಂತ ಹೋದ ವರ್ಷದ್ದೂ ಅವರೇ ಕೊಟ್ಟಿದ್ದು."

ಹಾಗಾದರೆ ರಾಯರಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು. ಅಂದು ಅವರು ಕೊಚ್ಚಿಕೊಂಡದ್ದು ಯಾರ ಮಾನ ಉಳಿಸಲು, ತಮ್ಮದೋ, ನನ್ನದೋ? ಇಂದಿಗೂ ಬಗೆಹರಿದಿಲ್ಲ. ನನ್ನ ಪಂಚಾಂಗವನ್ನೂ ಅದೇ ಮೊಳೆಗೆ ತೂಗುಹಾಕಿ ಬಂದೆ.