ಬಂದಾಂವ ಯಾರ ಜಾಗಕ್ಕ?

ಅರ್ಧ ಗಡ್ಡ ಬೋಳಿಸಿಕೊಂಡು, ಇನ್ನರ್ಧಕ್ಕೆ ಹಚ್ಚಿದ ಸೋಪಿನ ನೊರೆ ಒಣಗಿ ಕೆನ್ನೆ ಬಿಗಿಯುವ ತನಕ ಎಂದಾದರೂ ಕುಳಿತಿದ್ದೀರಾ? ನಾನು ಕುಳಿತಿದ್ದೇನೆ. ಹೋದ ತಿಂಗಳು, ಶಹಾಪುರದ ನಮ್ಮ ಓಣಿಯಲ್ಲಿರುವ ಶರಣಪ್ಪನ ಕಟಿಂಗ್ ಶಾಪಿನಲ್ಲಿ.

ತಪ್ಪು ಶರಣಪ್ಪನದಲ್ಲ. ಕ್ರಿಕೆಟ್ಟಿನದು.

ನಮ್ಮ ಓಣಿಗೊಂದು ಟೆನಿಸ್ ಬಾಲ್ ಟೀಮ್ ಇದೆ. (ಸರಿಯಾದ ಚರಂಡಿ ಇಲ್ಲ, ಟೀಮ್ ಇದೆ.) ವರ್ಷಕ್ಕೊಮ್ಮೆ ಸುರಪುರದ ಟೂರ್ನಮೆಂಟಿಗೆ ಹೋಗುತ್ತದೆ. ಅಲ್ಲಿ ಒಂದು ರೂಲ್ ಉಂಟು. ಪ್ರತಿ ಟೀಮೂ ಹೊರಗಿನ ಒಬ್ಬ ಆಟಗಾರನನ್ನು ಕರೆಸಿಕೊಳ್ಳಬಹುದು. ಅವನಿಗೆ ಗೆಸ್ಟ್ ಎನ್ನುತ್ತಾರೆ. ಯಾವ ಹುಡುಗನ ಸ್ವಂತ ಊರಿನ ಟೀಮ್ ಆ ವರ್ಷ ಆಡುವುದಿಲ್ಲವೋ ಅವನು ಫ್ರೀ. ಮೊದಲು ಯಾರು ಫೋನ್ ಮಾಡಿದರೋ ಅವರ ಪಾಲು. ಹೋಗಿಬರುವ ಖರ್ಚು, ಹೊಟ್ಟೆತುಂಬ ಊಟ, ಒಂದು ಜೊತೆ ಶೂ ಕೊಟ್ಟರಾಯಿತು.

ಹೋದ ವರ್ಷ ಫೈನಲ್‌ನ ಕೊನೆಯ ಓವರಿನಲ್ಲಿ ನಾವು ಸೋತೆವು. ಹಾಗಾಗಿ ಈ ಸಲ ಬೇಕಾದದ್ದು ಬೌಲರ್. ಇಲ್ಲಿಯ ತನಕ ಎಲ್ಲರದೂ ಒಂದೇ ಮಾತು. ಯಾವ ಬೌಲರ್? ಅಲ್ಲಿಂದ ಶುರು ನೋಡಿ ಜಗಳ.

"ಸೈದಾಪುರದಾಂವನ್ನ ತರ್ರಿ," ಎಂದ ಶರಣಪ್ಪ, ರೇಜರ್ ಗಾಳಿಯಲ್ಲಿ ಎತ್ತಿ. "ಕಡೇಚೂರ ಫ್ಯಾಕ್ಟರಿದಾಗ ಕೆಲಸ ಮಾಡ್ತಾನ. ಅಂವ ಒಗದ್ನಂದ್ರ ಚೆಂಡು ಕಣ್ಣಿಗಿ ಕಾಣಂಗಿಲ್ಲ, ಸಪ್ಪಳ ಅಷ್ಟೇ ಕೇಳ್ತದ."

"ನೈಟ್ ಶಿಫ್ಟ್ ಮುಗಿಸಿ ಬಂದು ಏನ್ ಒಗಿತಾನ್ರಿ? ಆಕಳಿಸ್ತಾನ," ಎಂದ ನಾಗರಾಜ. ನಾಗರಾಜ ನಮ್ಮ ಕ್ಯಾಪ್ಟನ್, ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಮನಸ್ಸೆಲ್ಲ ಗುರುಮಠಕಲ್ ಹುಡುಗನ ಮೇಲೆ. "ಅಂವ ಸ್ಲೋ ಹಾಕ್ತಾನ, ಖರೇ. ಆದ್ರ ಬ್ಯಾಟ್ಸ್‌ಮನ್‌ಗ ಹುಚ್ಚ ಹಿಡಸ್ತಾನ."

"ಅವನಿಗಿ ತೆಲುಗು ಬಿಟ್ರ ಏನೂ ಬರಂಗಿಲ್ಲ. ಫೀಲ್ಡಿಂಗ್ ಹೆಂಗ ಹಚ್ತಿ?"

"ಕೈ ಮಾಡಿ ತೋರಸ್ತೀನಿ. ಕ್ರಿಕೆಟ್‌ನಾಗ ಭಾಷಾ ಯಾಕ ಬೇಕ್ರಿ?"

ನನ್ನ ಓಟು ಸೈದಾಪುರಕ್ಕೆ. (ಆ ಹುಡುಗನ ಬೌಲಿಂಗ್ ನಾನು ನೋಡಿಲ್ಲ. ಯಾರೋ ಕಳಿಸಿದ ವಿಡಿಯೋ ನೋಡಿದ್ದೇನೆ. ಅದರಲ್ಲಿ ಅವನ ಬೆನ್ನು ಕಾಣುತ್ತದೆ. ಅಭಿಮಾನಿಗೆ ಇಷ್ಟು ಸಾಕ್ಷಿ ಸಾಲದೇ?)

ಈ ವಾದ ಅವತ್ತು ಹುಟ್ಟಿದ್ದಲ್ಲ. ಚಹಾದಂಗಡಿಯಲ್ಲಿ ನಡೆದಿತ್ತು, ಮದುವೆ ಊಟದ ಪಂಕ್ತಿಯಲ್ಲಿ ನಡೆದಿತ್ತು, ಯಾರದೋ ಮಣ್ಣಿಗೆಂದು ಸ್ಮಶಾನಕ್ಕೆ ಹೋದಾಗಲೂ ಮೆಲ್ಲನೆ ನಡೆದಿತ್ತು. ನನಗೆ ಸಾಕಾಗಿಹೋಗಿತ್ತು. ಮೇಲೆ ಈ ಒಣಗಿದ ಕೆನ್ನೆ ಬೇರೆ. ಮೇಷ್ಟ್ರಾಗಿ ರಿಟೈರ್ ಆದವನಲ್ಲವೇ, ಪ್ರಶ್ನೆ ಕೇಳುವ ಚಟ ಹೋಗಿಲ್ಲ. ಕೇಳಿಯೇಬಿಟ್ಟೆ.

"ಅಲ್ರಪಾ, ಯಾರರೆ ಬರ್ಲಿ. ಬಂದಾಂವ ಯಾರ ಜಾಗಕ್ಕ?"

ಎಲ್ಲರ ಬಾಯಿ ಬಂದ್. ಏನಾಯಿತೆಂದು ಎದುರಿನ ಕನ್ನಡಿಯಲ್ಲಿ ನೋಡಿದೆ. ನನ್ನ ಹಿಂದಿನ ಬೆಂಚಿನ ಮೇಲೆ ಮೌಲಾಲಿ ಕುಳಿತಿದ್ದ. ಯಾವಾಗ ಬಂದನೋ, ನಾನು ಗಮನಿಸಿರಲಿಲ್ಲ.

ಮೌಲಾಲಿ ನಮ್ಮ ಟೀಮಿನ ಬೌಲರ್. ಹೋದ ವರ್ಷ ಆ ಕೊನೆಯ ಓವರ್ ಹಾಕಿದವನು. ವೆಲ್ಡಿಂಗ್ ಕೆಲಸ, ನಲವತ್ತರ ಹತ್ತಿರದ ವಯಸ್ಸು. ಓಣಿಯ ಅರ್ಧ ಗೇಟುಗಳು ಅವನ ಕೈಯವೇ. ಟೀಮ್ ಕಟ್ಟಿದ ದಿನದಿಂದ ಹೊಸ ಚೆಂಡು ಅವನ ಕೈಗೇ ಹೋಗುತ್ತದೆ.

ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಇಷ್ಟು ದಿನ ವೇಗ, ಸ್ಪಿನ್, ಶಿಫ್ಟ್, ತೆಲುಗು ಎಂದು ನಾವು ಗುದ್ದಾಡಿದ್ದು ಯಾಕೆ? ವಾದ ಮುಗಿದರೆ ಯಾರಾದರೊಬ್ಬರು ಹೋಗಿ ಮೌಲಾಗೆ "ಈ ಸಲ ನೀ ಹೊರಗ ಕೂಡಪಾ" ಎನ್ನಬೇಕಿತ್ತು. ಯಾರು ಹೇಳಬೇಕು? ಪ್ರತಿ ರಂಜಾನ್‌ಗೆ ಅವನ ಮನೆಯ ಸುರಕುಂಬಾ ಪಾಯಸ ಕುಡಿದ ಬಾಯಿಂದ ಹೇಗೆ ಹೇಳಬೇಕು? ನಮ್ಮ ಕಡೆಯ ಮಾತು ಒರಟು, ಮುಖಕ್ಕೆ ಹೊಡೆದ ಹಾಗೆ ಎನ್ನುತ್ತಾರೆ ಬೆಂಗಳೂರಿನವರು. ಎಲ್ಲಿಯ ಒರಟು ಬಿಡಿ! ಹೇಳಬೇಕಾದ ಒಂದೇ ಒಂದು ಮಾತು ಬಿಟ್ಟು ಊರ ಮಾತೆಲ್ಲ ಆಡಿದ್ದೆವು.

"ಕೆಂಭಾವಿ ಮಲ್ಲುನ್ನ ಕರಸ್ರಿ," ಬೆಂಚಿನಿಂದ ಮೌಲಾಲಿಯ ದನಿ ಬಂತು. "ಎಡಗೈ ಬೌಲರ್. ಕಾಲಬುಡಕ್ಕ ಹಾಕ್ತಾನ. ಸೈದಾಪುರದಾಂವ ಜೋರ್ ಅದಾನ, ಆದ್ರ ಕೊನೀ ಓವರಿಗಿ ತಲಿ ಕೆಡಸ್ಕೋತಾನ. ತಲಿ ಕೆಡೂದಂದ್ರ ಏನಂತ ನಂಗ ಗೊತ್ತದ."

ಇಷ್ಟು ಹೇಳಿ, "ನಂದು ನಾಳಿ ಮಾಡಿಯಂತ ಶರಣಪ್ಪಣ್ಣ," ಎಂದು ಎದ್ದು ಹೋದ.

ಶರಣಪ್ಪ ನನ್ನ ಉಳಿದರ್ಧ ಗಡ್ಡಕ್ಕೆ ಬಂದ. ರೇಜರ್ ಸ್ವಲ್ಪ ಒತ್ತಿಯೇ ಎಳೆದ. "ನೀವು ಕೇಳಬಾರ್ದಿತ್ರಿ ಮಾಸ್ತರ್," ಎಂದ. ನಾನು ಸುಮ್ಮನೆ ಕೂತೆ. ಕುತ್ತಿಗೆ ಅವನ ಕೈಯಲ್ಲಿತ್ತು.

ಮನಸ್ಸು ತಡೆಯಲಿಲ್ಲ. ಸಂಜೆ ಮೌಲಾಲಿಯ ಅಂಗಡಿಗೆ ಹೋದೆ. ಯಾರದೋ ಮನೆಯ ಗ್ರಿಲ್ ಬೆಸೆಯುತ್ತಿದ್ದ.

"ಸಿಟ್ಟು ಬಂದದೇನೋ ಮೌಲಾ?"

ಕಪ್ಪು ಕನ್ನಡಕ ಹಣೆಗೆ ಏರಿಸಿದ. "ಬರಂಗಿಲ್ಲೇನ್ರಿ ಮಾಸ್ತರ್? ಬಂದದ. ಮನ್ಯಾಗ ಹೇಣ್ತಿ ಇದ್ದಾಗೇ ಎರಡನೇದ್ದು ನೋಡಿದಂಗ, ನನ್ನ ಮುಂದ ಕುಂತು ನೋಡಾಕತ್ತೀರಿ."

"ಮತ್ತ ನೀನೇ ಯಾಕ ಹೆಸರು ಹೇಳ್ದಿ?"

"ನೀವು ಹೇಳಂಗಿಲ್ಲಲ್ರಿ! ಜಲ್ಮ ಹೋದ್ರೂ ಹೇಳಂಗಿಲ್ಲ." ಬಲಗೈ ಮೇಲೆತ್ತಲು ನೋಡಿದ. ಕಿವಿಯ ತನಕ ಹೋಗಿ ನಿಂತಿತು. "ಹೆಗಲು ಇಷ್ಟೇ ಏಳ್ತದ. ಹೋದ ವರ್ಷ ಹಂಗೇ ಹಾಕಿದೆ. ನಾ ಹೊರಗ ಕುಂತು ಆ ಓವರ್ ನೋಡಿದ್ರ, ಖರೇ ಹೇಳ್ತೀನಿ, ಸುರಪುರ ಕೇಳಂಗ ಬೈತಿದ್ದೆ. ನೀವು ಒಬ್ಬರೂ ಬೈಲಿಲ್ಲ. ಪಾಪ ಅಂದ್ರಿ. ಮನಸ್ಸಿಗಿ ಭಾಳ ಹತ್ತಿತ್ರಿ ಮಾಸ್ತರ್ ಅದು."

ಪಾಪ ಎಂದವರಲ್ಲಿ ನಾನೂ ಒಬ್ಬ. ಒಳ್ಳೆಯ ಮಾತೆಂದೇ ಅಂದಿದ್ದೆ. ನೀವೇ ಯೋಚಿಸಿ, ನಾವು ಯಾರನ್ನು ಬೈಯುತ್ತೇವೆ? ಇನ್ನೂ ಕೈಲಾಗುತ್ತದೆ ಎಂದು ನಂಬಿದವರನ್ನು. ಪಾಪ ಎನ್ನುವುದು ಯಾರಿಗೆ?

ಟೂರ್ನಮೆಂಟಿನ ದಿನ ಬೆಳಿಗ್ಗೆ ಮೌಲಾಲಿಯೇ ಬೈಕ್ ಹೊಡೆದುಕೊಂಡು ಕೆಂಭಾವಿಗೆ ಹೋಗಿ ಮಲ್ಲುವನ್ನು ಹಿಂದೆ ಕೂಡಿಸಿಕೊಂಡು ಬಂದ. ಒಣಕಲು ಮೈ, ಉದ್ದ ಕೈ, ಮಾತು ಕಡಿಮೆ. ನಾಗರಾಜ ಮೌಲಾಲಿಯ ಕಣ್ಣು ತಪ್ಪಿಸಿ ಓಡಾಡುತ್ತಿದ್ದ. ಹೊಸ ಚೆಂಡನ್ನು ಮೌಲಾಲಿ ರೂಢಿಯಂತೆ ಪ್ಯಾಂಟಿಗೆ ತಿಕ್ಕಿದ. (ಟೆನಿಸ್ ಚೆಂಡು ತಿಕ್ಕಿದರೆ ಏನೂ ಆಗುವುದಿಲ್ಲ. ಅದು ಅವನಿಗೂ ಗೊತ್ತು.) ಆಮೇಲೆ ಮಲ್ಲುವಿನ ಕೈಗೆ ಕೊಟ್ಟ. ಕೊಡುವಾಗ ಒಂದು ಗಳಿಗೆ ಬಿಡಲಿಲ್ಲ.

ಮೈದಾನದ ಅಂಚಿನ ಕಟ್ಟೆಯ ಮೇಲೆ ನಮ್ಮ ಓಣಿಯವರು ಕುಳಿತಿದ್ದೆವು. ಮೌಲಾಲಿ ಬಂದು ಸ್ವಲ್ಪ ದೂರದಲ್ಲಿ ನಿಂತ.

ಮಲ್ಲುವಿನ ಮೊದಲ ಚೆಂಡು ವೈಡ್. ಎರಡನೆಯದು ಇನ್ನೂ ವೈಡ್. ಮೂರನೆಯದು ಜಾಲಿಗಿಡ ದಾಟಿ ಹೋಯಿತು, ಹುಡುಕಲು ಇಬ್ಬರು ಓಡಿದರು.

ಅಂಪೈರನ ಏಳು ತಲೆಮಾರನ್ನು ಬಿಡದೆ ಬೈಯುವ ಮಂದಿ ನಾವು. ಅವತ್ತು ಒಬ್ಬರದೂ ಬಾಯಿ ಏಳಲಿಲ್ಲ. ಮಲ್ಲುವನ್ನು ಬೈದರೆ ಅದು ಹೋಗಿ ಮೌಲಾಲಿಗೆ ತಾಗುತ್ತದಲ್ಲ! "ಆಗ್ತದ, ಆಗ್ತದ. ಹೊಸಾ ಹುಡುಗ," ಎಂದು ಶರಣಪ್ಪ ಮೆತ್ತಗೆ ಗೊಣಗಿದ. ಎಲ್ಲರೂ ಓರೆಗಣ್ಣಿನಲ್ಲಿ ಮೌಲಾಲಿಯನ್ನೇ ನೋಡುತ್ತಿದ್ದರು. ಹೋದ ವರ್ಷದ್ದೇ ಮುಖ, ಹೋದ ವರ್ಷದ್ದೇ ಪಾಪ.

ಮೌಲಾಲಿ ನಮ್ಮನ್ನು ನೋಡಿದ. ಮೈದಾನ ನೋಡಿದ. ಆಮೇಲೆ ಎರಡೂ ಕೈ ಬಾಯಿಗೆ ಹಚ್ಚಿ, ಸುರಪುರ ಕೇಳುವ ಹಾಗೆ ಕೂಗಿದ.

"ಏ, ಯಾಂವಲೇ ಇವನ್ನ ಕರ್ಕೊಂಡ್ ಬಂದಾಂವ? ಯಾಂವಗ ಬುದ್ಧಿ ಇದ್ದಿಲ್ಲಾ?"

ಶರಣಪ್ಪನಿಗೆ ತಡೆಯಲಾಗಲಿಲ್ಲ. "ನೀನೇ ಅಲ್ಲೇನಲೇ ಮಗನಾ! ಪೆಟ್ರೋಲ್ ಸುಟ್ಟು ತಂದೀಯಲ್ಲ!"

ಅಷ್ಟೇ ಬೇಕಿತ್ತು. ಕಟ್ಟೆಗೆ ಕಟ್ಟೆಯೇ ಮೌಲಾಲಿಯ ಮೇಲೆ ಬಿದ್ದಿತು. ಒಂದು ವರ್ಷದಿಂದ ಬಾಕಿ ಇದ್ದ ಬೈಗುಳವೆಲ್ಲ ಹೊರಗೆ ಬಂತು, ಆ ಕೊನೆಯ ಓವರಿನದೂ ಸೇರಿ. ನಾನೂ ಬೈದೆ. ಮೌಲಾಲಿ ಹೊಟ್ಟೆ ಹಿಡಿದು ನಗುತ್ತ ತಿರುಗಿ ಬೈದ. ಮೈದಾನದಲ್ಲಿ ನಾಗರಾಜನೂ ನಗುತ್ತಿದ್ದ. ಮಲ್ಲುವಿನ ಮುಂದಿನ ಚೆಂಡಿಗೆ ನಡುವಿನ ಸ್ಟಂಪ್ ಹಾರಿತು.

(ಕಪ್ ಬಂತೇ ಎನ್ನುತ್ತೀರಾ? ಇಲ್ಲ. ಸೆಮಿಫೈನಲ್‌ನಲ್ಲಿ ಬ್ಯಾಟಿಂಗ್ ಕೈಕೊಟ್ಟಿತು. ಮುಂದಿನ ವರ್ಷಕ್ಕೆ ಬ್ಯಾಟ್ಸ್‌ಮನ್ ಬೇಕಂತೆ. ಓಪನಿಂಗ್ ಬರುವ ನಾಗರಾಜ ಈಚೆಗೆ ಕಟಿಂಗ್ ಶಾಪ್ ಕಡೆ ಸುಳಿಯುತ್ತಿಲ್ಲ.)

ಆ ಸ್ಟಂಪ್ ಹಾರಿದ್ದೇ ತಡ, "ಅತ್ಲಾಗ ಸರೀರಿ ಮಾಸ್ತರ್," ಎಂದು ಮೌಲಾಲಿ ನನ್ನ ಮತ್ತು ಶರಣಪ್ಪನ ನಡುವೆ ತೂರಿ ಕುಳಿತ, ನನ್ನ ಕೈಯ ಶೇಂಗಾಕ್ಕೆ ಕೈ ಹಾಕಿದ.

ಮೈದಾನದಲ್ಲಿ ಹನ್ನೊಂದೇ ಮಂದಿಗೆ ಜಾಗ, ಒಪ್ಪೋಣ. ಕಟ್ಟೆಗೆ ಅಂಥ ರೂಲ್ ಯಾರು ಮಾಡಿದ್ದಾರೆ?