ಅಣ್ಣನ ಭಾಷಣ ಬಾಯಿಪಾಠ ಮಾಡಿದ ತಪ್ಪಿಗೆ

1976ರ ಗಣರಾಜ್ಯೋತ್ಸವ. ಮಾನ್ವಿಯಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದೆ. ಹಿಂದಿನ ವರ್ಷ ನಮ್ಮ ಶಾಲೆಯಲ್ಲೇ ‘ನಮ್ಮ ಸಂವಿಧಾನ’ ಎಂಬ ಭಾಷಣಕ್ಕೆ ಕಪ್ ಗೆದ್ದ ನಮ್ಮಣ್ಣ ಬಸವರಾಜ ಆಗ ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದ. ಈ ವರ್ಷವೂ ಅದೇ ವಿಷಯ. ಟ್ರಂಕಿನಿಂದ ಅವನ ಹಾಳೆ ಕದ್ದು, ಗಿಳಿಯೂ ನಾಚುವಂತೆ ಬಾಯಿಪಾಠ ಮಾಡಿದೆ. ನಡುವೆ ತುರ್ತು ಪರಿಸ್ಥಿತಿ ಬಂದಿತ್ತು. ಅದಕ್ಕೂ ಈ ಹಾಳೆಗೂ ಸಂಬಂಧವಿದೆ ಅಂತ ನನಗೆ ಹೊಳೆಯಲೇ ಇಲ್ಲ.

“ಪಾರ್ಲಿಮೆಂಟು ಸಂವಿಧಾನ ಮೀರಿ ಕಾನೂನು ಮಾಡಿದರೆ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡುತ್ತದೆ! ಕಾರಣವಿಲ್ಲದೆ ಯಾರನ್ನಾದರೂ ಹಿಡಿದರೆ ಬಿಡಿಸುತ್ತದೆ! ಸರ್ಕಾರದ ಕಿವಿ ಹಿಂಡುವ ತಾಯಿ ನಮ್ಮ ಕೋರ್ಟು!” ಎಂದು ತುಂಗಭದ್ರೆಯ ಆಚೆ ದಂಡೆಗೂ ಕೇಳುವಂತೆ ಕೂಗಿದೆ.

ಒಂದು ಚಪ್ಪಾಳೆಯೂ ಇಲ್ಲ. ಹೆಡ್‌ಮಾಸ್ತರರ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. ಮುಖ್ಯ ಅತಿಥಿಯಾಗಿದ್ದ ಪೊಲೀಸ್ ಸಾಹೇಬರು, ಎರಡು ಗುಬ್ಬಿ ಆರಾಮಾಗಿ ಕೂರಬಹುದಾದ ಮೀಸೆ ಸವರಿಕೊಂಡು, ಬೆರಳಿನಿಂದ ನನ್ನನ್ನು ಕರೆದರು. ನಮ್ಮ ಓಣಿಯ ವಕೀಲರನ್ನು ಅವರ ಜೀಪಿನಲ್ಲೇ ಒಯ್ದು ನಾಲ್ಕು ತಿಂಗಳಾಗಿತ್ತು. ಎಲ್ಲಿಟ್ಟಿದ್ದಾರೆ ಎಂದು ವಕೀಲರ ಹೆಂಡತಿಗೂ ಗೊತ್ತಿರಲಿಲ್ಲ. ಹಾಳಾದ್ದು, ಅದು ನೆನಪಾದದ್ದು ಆಗಲೇ.

ಜೀಪಿನ ಪಕ್ಕ ನಿಲ್ಲಿಸಿಕೊಂಡು ಕೇಳಿದರು, “ಯಾರ್ ಬರದು ಕೊಟ್ಟಾರಲೇ ಇದನ್ನ?”

ಅಣ್ಣನ ಹೆಸರು ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಜೀಪು ನೆಟ್ಟಗೆ ರಾಯಚೂರಿಗೆ.

“ನಾನಾ ಬರದೀನ್ರಿ ಸಾಹೇಬ್ರ,” ಎಂದೆ. ಜೀವನದಲ್ಲಿ ಸಾವಿರ ಸಲ ಜಂಬ ಕೊಚ್ಚಿದ್ದೇನೆ. ಅಳುತ್ತಾ ಕೊಚ್ಚಿದ್ದು ಅದೊಂದೇ ಸಲ.

“ನೀನಾ? ಹಂಗಾರ ಜೀಪ್ ಹತ್ತು. ಯಾವ ಕೋರ್ಟ್ ಬಂದು ಬಿಡಸ್ತದ ನೋಡೂಣು.”

ಬಲಗಾಲು ಎತ್ತಿ ಜೀಪಿನ ಮೇಲಿಟ್ಟೆ. ಅಪ್ಪ, ಅವ್ವ, ಮನೆಯ ಎಮ್ಮೆ ಎಲ್ಲರೂ ಕಣ್ಣ ಮುಂದೆ ಬಂದು ಹೋದರು.

ಅವರು ನನ್ನ ಕಾಲರ್ ಹಿಡಿದು ಕೆಳಗೆಳೆದರು. ಸುತ್ತ ನೋಡಿ ದನಿ ತಗ್ಗಿಸಿದರು. “ಸುಳ್ಳ ಹೇಳಬ್ಯಾಡ. ಹ್ವಾದ ವರ್ಷ ಇದಾ ಮಾತಿಗೆ ನಿಮ್ಮಣ್ಣನ ಕೈಯಾಗ ಕಪ್ ಕೊಟ್ಟಾಂವ ನಾನಾ. ಹಾಳಿ ಒಲಿಗೆ ಹಾಕು. ಮನಿಗೆ ನಡಿ.”

ಓಡಿಹೋಗಿ ಹಾಳೆಯನ್ನು ಒಲೆಗೆ ಹಾಕಿದೆ. ಕಪ್ಪನ್ನು ಅವ್ವ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು.

ಮರುವರ್ಷ ತುರ್ತು ಪರಿಸ್ಥಿತಿ ಮುಗಿಯಿತು, ವಕೀಲರೂ ಮನೆಗೆ ಮರಳಿದರು. ಈಗಲೂ ಅಣ್ಣ ಊರಿಗೆ ಬಂದಾಗಲೆಲ್ಲ ಆ ಭಾಷಣ ಹೇಳಿಸಿ ನಗುತ್ತಾನೆ. ನಾನೂ ಕೈ ಬೀಸಿ ಹೇಳುತ್ತೇನೆ. ‘ಬಿಡಿಸುತ್ತದೆ’ ಎಂಬಲ್ಲಿಗೆ ಬಂದಾಗ ಮಾತ್ರ, ನನ್ನ ಬಲಗಾಲು ತಾನಾಗಿ ನೆಲ ಬಿಟ್ಟು ಮೇಲೇಳುತ್ತದೆ.