ಚಂದ್ರಿಕೆಯ ಮೇಲೆ ಲಕ್ಕಿ ಸೊಪ್ಪು

ಬೆಂಗಳೂರಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಬಂದು ರಾಮನಗರದಲ್ಲಿ ಇಳಿದಾಗ ಮೋಡ ಕವಿದು ಸೆಕೆಯಾಗಿತ್ತು. ನಾನು ಹೊರಟಿದ್ದು ಲಕ್ಕಿ ಸೊಪ್ಪಿಗೆ. ನೆಗಡಿಯಾದರೆ ಹಬೆ ಹಿಡಿಯಲು, ಬಾಣಂತಿಯ ಸ್ನಾನದ ನೀರಿಗೆ ಹಾಕಲು ಬಳಸುವ ಈ ಸೊಪ್ಪಿನಲ್ಲಿ ಏನೇನಿದೆ, ಅದರ ರಸ ರೋಗಾಣುಗಳನ್ನು ಕೊಲ್ಲುತ್ತದೆಯೇ ಎಂಬುದು ನನ್ನ ಪಿಎಚ್.ಡಿ. ವಿಷಯ. ಪ್ರಯೋಗಾಲಯದಲ್ಲಿ ಅದು ಈವರೆಗೆ ಒಂದು ಬ್ಯಾಕ್ಟೀರಿಯಾವನ್ನೂ ಅಲುಗಿಸಿರಲಿಲ್ಲ. "ಪಾರ್ಕಿನ ಸೊಪ್ಪು ಬಿಡು, ಹಳ್ಳದ ದಂಡೆಯದನ್ನು ತಂದು ನೋಡು" ಎಂದಿದ್ದರು ನನ್ನ ಗೈಡ್.

ಹಿಪ್ಪುನೇರಳೆ ತೋಟಗಳನ್ನು ದಾಟಿ ಬಸ್ಸು ಕೈಲಾಂಚ ತಲುಪಿತು. ಗೆಳತಿಯ ಚಿಕ್ಕಮ್ಮ ಗಿರಿಜಮ್ಮ ಕಾಯುತ್ತಿದ್ದರು. ಇಬ್ಬರೂ ಹಳ್ಳಕ್ಕೆ ಹೋಗಿ ಎರಡು ಚೀಲ ಸೊಪ್ಪು ಕಿತ್ತು ತಂದೆವು. ನೆರಳಲ್ಲಿ ಒಣಗಿಸಬೇಕು ಎಂದೆ. ಅವರು ಗೋಡೆಗೆ ಒರಗಿಸಿದ್ದ ನಾಲ್ಕು ಚಂದ್ರಿಕೆಗಳನ್ನು, ಅಂದರೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳನ್ನು, ಜಗಲಿಯಲ್ಲಿ ಹಾಸಿಯೇಬಿಟ್ಟರು.

"ಹುಳ ಹಣ್ಣಾಗಾಕೆ ಇನ್ನೂ ಎಲ್ಡು ದಿನ ಐತೆ. ಹರಡ್ಕೊ ಮಗ."

ಅವರ ಗಂಡ ಶಿವಣ್ಣ ಮೂಗು ಮುರಿದರು. "ಹುಳಕ್ಕೆ ಘಾಟು ಆಗಾಕಿಲ್ಲ ಕಣೆ."

ಮುದ್ದೆ, ಹುರುಳಿ ಸಾರು ಉಂಡು ಸುಖವಾಗಿ ಮಲಗಿದೆ. ಬೆಳಿಗ್ಗೆ ಎದ್ದರೆ ಮನೆಯೇ ಗಡಿಬಿಡಿ. ಸೆಕೆಗೆ ಹುಳುಗಳು ಮೊದಲೇ ಹಣ್ಣಾಗಿ, ಮೇವು ಬಿಟ್ಟು, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ನೆರೆಯವರು ಚಂದ್ರಿಕೆ ಕೊಟ್ಟರೂ ನಾಲ್ಕು ಸಾಲದೆ ಬಂದವು. ಸೊಪ್ಪು ಹರಡಿದ್ದ ಆ ನಾಲ್ಕೇ ಗತಿ. ಬಾಡಿದ ಸೊಪ್ಪನ್ನು ಚೀಲಕ್ಕೆ ತುರುಕಿ, ಚಂದ್ರಿಕೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಘಾಟು ಹೋಗಲಿಲ್ಲ. ಹುಳು ಗೂಡು ಕಟ್ಟದಿದ್ದರೆ ಇವರು ಹಗಲೂ ರಾತ್ರಿ ಸಾಕಿದ್ದೆಲ್ಲ ನನ್ನಿಂದ ಮಣ್ಣುಪಾಲು.

ಹಣ್ಣಾದ ಹುಳು ಆಯ್ದು ಚಂದ್ರಿಕೆಗೆ ಬಿಡುವುದಕ್ಕೆ ನಾನೂ ಕುಳಿತೆ. ತಣ್ಣಗೆ, ಮೆತ್ತಗೆ ಬೆರಳಿಗೆ ಅಂಟುತ್ತಿದ್ದವು. ಹುಚ್ಚೆಳ್ಳು ಚಟ್ನಿ, ರೊಟ್ಟಿ ಮುಂದಿಟ್ಟರೂ ಮುಟ್ಟದೆ ಹುಳು ಆಯುತ್ತಲೇ ಇದ್ದೆ.

"ಹಾಸ್ದೋಳು ನಾನು. ನೀನ್ಯಾಕೆ ಮೊಕ ಹುಳ್ಳಗೆ ಮಾಡ್ಕಂಡಿದ್ದೀಯೆ? ತಿನ್ನು" ಎಂದು ಗಿರಿಜಮ್ಮ ಗದರಿದರು.

ಸಂಜೆಯ ಹೊತ್ತಿಗೆ ಬೇರೆ ಚಂದ್ರಿಕೆಗಳಲ್ಲಿ ನೂಲು ಕಾಣಿಸಿತು. ನಮ್ಮ ನಾಲ್ಕರಲ್ಲಿ ಹುಳುಗಳು ಇನ್ನೂ ಅತ್ತಿಂದಿತ್ತ ಹರಿದಾಡುತ್ತಿದ್ದವು. ಬಸ್ಸಿನ ಹೊತ್ತಾಗಿತ್ತು. "ಫೋನ್ ಮಾಡ್ತೀನಿ, ಹೋಗವ್ವ" ಎಂದರು ಶಿವಣ್ಣ. ಅವರು ಬೈದಿದ್ದರೆ ವಾಸಿಯಿತ್ತು.

ರೈಲಿನಲ್ಲಿ ಚೀಲ ಬಿಚ್ಚಿ ನೋಡಿದೆ. ಸೊಪ್ಪು ಬೆವತು ಕಪ್ಪಾಗಿತ್ತು. ಇನ್ನು ಅದು ಪ್ರಯೋಗಕ್ಕೆ ಬಾರದು. ಅದರ ಚಿಂತೆಯೂ ನನಗಿರಲಿಲ್ಲ. ಬಿಡದಿ ದಾಟುವಾಗ ಫೋನ್ ಬಂತು.

"ನಾಕ್ರಲ್ಲೂ ನೂಲು ಬುಡ್ತಾವೆ ಕಣವ್ವ!" ಶಿವಣ್ಣ ಕೂಗಿದರು. "ನಿನ್ ಸೊಪ್ಪು ಏನೂ ಮಾಡ್ನಿಲ್ಲ!"

ಪ್ರಯೋಗಾಲಯದಲ್ಲಿ ಎಷ್ಟೋ ಸಲ ಕೇಳಿದ್ದ ಆ ಮಾತಿಗೆ ಕುಣಿಯಬೇಕೆನಿಸಿದ್ದು ಅದೇ ಮೊದಲ ಸಲ.